ರಾಯರು ಸ್ಟೀರಿಯೋ ಬದಲಿಸಿದರು

ಕೊಳಾಯಿ ಸೋರಿದರೆ ಕೊಳಾಯಿಯವನಿಗೆ ಹೇಳಿಕಳುಹಿಸುವ ಗೃಹಸ್ಥರು ಕೂಡ ಕಾರಿನೊಳಗಣ ಹಾಡುವ ಪೆಟ್ಟಿಗೆ ಕೆಟ್ಟಾಗ ತಾವೇ ತಿರುಪುಳಿ ಹಿಡಿಯುತ್ತಾರೆ. ಇದಕ್ಕೆ ಕಾರಣವಿಲ್ಲದಿಲ್ಲ. ಎಂಜಿನ್ನೆಂಬುದು ಎಣ್ಣೆ, ಮಸಿ, ಭಯಗಳ ರಾಜ್ಯ. ಸ್ಟೀರಿಯೋ ಹಾಗಲ್ಲ. ಮನೆಯ ರೇಡಿಯೋವಿನ ತಮ್ಮನಂತೆ ಕೈಗೆಟಕುವ ದೂರದಲ್ಲಿ ಸಾಧುವಾಗಿ ಕುಳಿತಿರುತ್ತದೆ. ಬೆನ್ನಿಗೆ ನಾಲ್ಕಾರು ತಂತಿಗಳಿದ್ದಾವು. ಬಿಚ್ಚಿದರಾಯಿತು, ಮತ್ತೆ ಕಟ್ಟಿದರಾಯಿತು.

ಬೆಂಗಳೂರು ಬಸವನಗುಡಿಯ ರಾಯರು ಹೀಗೆಯೇ ಭಾವಿಸಿದ್ದರು. ಅವರ ಕಾರು 2012ರಲ್ಲಿ ಕೊಂಡದ್ದು. ಕಾರ್ಖಾನೆಯವರೇ ಕೂಡಿಸಿ ಕಳುಹಿಸಿದ್ದ ಸ್ಟೀರಿಯೋ ಹತ್ತು ವರ್ಷಕ್ಕೂ ಮೇಲ್ಪಟ್ಟು ಹಾಡಿ, ಒಂದು ದಿನ ಬಾಯಲ್ಲಿದ್ದ ಸೀಡಿಯನ್ನು ಕಚ್ಚಿಹಿಡಿದು ಮೌನವನ್ನು ತಾಳಿತು. ಗುಂಡಿಯನ್ನೊತ್ತಿದರೆ ಹಾಡಲೊಲ್ಲದು, ಇನ್ನೊಂದನ್ನೊತ್ತಿದರೆ ಉಗುಳಲೊಲ್ಲದು. ಆ ಸೀಡಿಯಾದರೋ ಅಂಗಡಿಯಲ್ಲಿ ಸಿಕ್ಕುವಂಥದಲ್ಲ. 2014ರಲ್ಲಿ ಮಗನ ಉಪನಯನವಾದಾಗ ರಾಯರ ಅತ್ತೆಯವರು ಹಾಡಿದ ಹಸೆಯ ಹಾಡುಗಳನ್ನೂ ಆರತಿ ಹಾಡುಗಳನ್ನೂ ನೆಂಟರ ಹುಡುಗನೊಬ್ಬ ಮುದ್ರಿಸಿ ಕೊಟ್ಟದ್ದು. ಬೇರೊಂದು ಪ್ರತಿಯಿಲ್ಲ. ಅತ್ತೆಯವರೂ ಈಗಿಲ್ಲ.

ಜೆ.ಸಿ. ರಸ್ತೆಯ ಅಂಗಡಿಯವನು ಹೊಸ ಪೆಟ್ಟಿಗೆಯನ್ನು ತೋರಿಸಿ, "ಒಂದು ಗಂಟೆ ಕೆಲಸ ಸಾರ್. ಹಳೇದು ಇಲ್ಲೇ ಬಿಟ್ಟುಹೋಗಿ, ಐನೂರು ಕಮ್ಮಿ ಮಾಡ್ಕೋತೀನಿ" ಎಂದನು. ರಾಯರು ತಲೆಯಾಡಿಸುವಷ್ಟರಲ್ಲಿ ಅವರ ಪತ್ನಿ, "ಹಳೇದನ್ನ ಬಿಡೋದು ಬೇಡರೀ" ಎಂದರು. ಅಷ್ಟೇ ಮಾತು. ರಾಯರು ಅದನ್ನು ತಮ್ಮ ಕೈಚಳಕದ ಮೇಲಿನ ವಿಶ್ವಾಸವೆಂದು ತಿಳಿದು, ಕೂಡಿಸುವ ಕೂಲಿಯನ್ನೂ ಉಳಿಸುವುದಾಗಿ ಸಾರಿ ಪೆಟ್ಟಿಗೆಯನ್ನು ಮನೆಗೆ ತಂದರು.

ಕಾರಿಗೆ ರೇಡಿಯೋ ಕೂಡಿಸುವ ಕಷ್ಟ ಇಂದಿನದಲ್ಲ. 1930ರಲ್ಲಿ ಅಮೆರಿಕದ ಗಾಲ್ವಿನ್ ಸಹೋದರರು ಮೋಟೊರೋಲಾ ಎಂಬ ಹೆಸರಿಟ್ಟು ಕಾರಿನ ರೇಡಿಯೋವನ್ನು ಮಾರತೊಡಗಿದ ಕಾಲದಲ್ಲಿ, ಏರಿಯಲ್ ತಂತಿಯನ್ನೆಳೆಯಲು ಚಾವಣಿಯ ಒಳಬಟ್ಟೆಯನ್ನೇ ಕೀಳಬೇಕಾಗಿತ್ತು. ಆಮೇಲೆ ಜರ್ಮನರು ಇದಕ್ಕೊಂದು ಶಿಸ್ತನ್ನು ತಂದರು: ಪೆಟ್ಟಿಗೆ ಕೂರುವ ಕಿಂಡಿ 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರ, ದೊಡ್ಡದಾದರೆ ಎತ್ತರ ಇಮ್ಮಡಿ. ಜಗತ್ತು ಇದನ್ನೊಪ್ಪಿಕೊಂಡಿತು. ಆದರೆ ಕಾರು ಕಟ್ಟುವವರಿಗೆ ಅಂದಚೆಂದದ ಹುಚ್ಚು. ಸ್ಟೀರಿಯೋವಿನ ಮುಖವನ್ನು ಬಾಗಿಸಿ, ತಂಪುಗಾಳಿಯ ಕಿಂಡಿಗಳೊಡನೆ ಬೆಸೆದು, ಎಲ್ಲಿ ಕಾರು ಮುಗಿಯಿತು ಎಲ್ಲಿ ಹಾಡು ತೊಡಗಿತು ಎಂದು ತಿಳಿಯದಂತೆ ಮಾಡಿಬಿಡುತ್ತಾರೆ. ಹೊಸ ಪೆಟ್ಟಿಗೆಯ ಸುತ್ತ ಉಳಿಯುವ ಸಂದಿಯನ್ನು ಮುಚ್ಚಲು ಆಯಾ ಕಾರಿಗೆಂದೇ ಮಾಡಿದ ಫ್ರೇಮು ಬೇಕು. ತಂತಿಗಳನ್ನು ಕೂಡಿಸಲು ಕಪ್ಲರ್ ಬೇಕು. ಏರಿಯಲ್ಲಿಗೊಂದು ಅಡಾಪ್ಟರ್ ಬೇಕು. ಇವು ಮೂರೂ ಬೇಕೆಂಬುದು ರಾಯರಿಗೆ ಒಂದೊಂದಾಗಿ ತಿಳಿದುದರಿಂದ ಜೆ.ಸಿ. ರಸ್ತೆಗೆ ಮೂರು ಸಲ ಹೋಗಿಬಂದರು. ಉಳಿಸಿದ ಕೂಲಿ ಆಟೋರಿಕ್ಷಾದವರ ಪಾಲಾಯಿತು.

ಭಾನುವಾರ ಬೆಳಿಗ್ಗೆ ಕಾರ್ಯಾರಂಭ. ಹತ್ತನೆಯ ನಂಬರಿನ ಸ್ಪ್ಯಾನರಿನಿಂದ ಬ್ಯಾಟರಿಯ ಋಣಧ್ರುವವನ್ನು ಬಿಚ್ಚಿ, ಏರ್‌ಬ್ಯಾಗಿನ ಭಯದಿಂದ ಕೆಲವು ನಿಮಿಷ ಕಾದರು. ಇದು ಅವರು ಸರಿಯಾಗಿ ಮಾಡಿದ ಮೊದಲ ಕೆಲಸ. ಮುಂದಿನದು ಪ್ಲಾಸ್ಟಿಕ್ಕಿನ ಹಲಗೆಯನ್ನು ಎಬ್ಬಿಸುವುದು. ಈ ಹಲಗೆಗಳು ತಿರುಪಿನ ಮೇಲೆ ನಿಂತಿರುವುದಿಲ್ಲ. ಹಿಂಬದಿಯ ಕ್ಲಿಪ್ಪುಗಳ ಮೇಲೆ ನಿಂತಿರುತ್ತವೆ. ಮೆಲ್ಲಗೆ ಎಳೆದರೆ ಬಾರವು. ಜೋರಾಗಿ ಎಳೆದರೆ 'ಟಪ್' ಎನ್ನುತ್ತವೆ. ಆ ಟಪ್ ಎಂಬುದು ಬಿಡಿಸಿಕೊಂಡ ಸದ್ದೋ ಮುರಿದ ಸದ್ದೋ ಎಂಬುದನ್ನು ಮೊದಲೇ ಹೇಳಬಲ್ಲವರು ಇನ್ನೂ ಹುಟ್ಟಿಲ್ಲ. ಐದು ಸದ್ದಾದುವು. ಮೂರು ಬಿಡಿಸಿಕೊಂಡದ್ದು, ಎರಡು ಮುರಿದದ್ದು. ನಾಲ್ಕು ತಿರುಪುಗಳಲ್ಲಿ ಒಂದು ರಾಯರ ಬೆರಳಿನಿಂದ ಜಾರಿ ಡ್ಯಾಶ್‌ಬೋರ್ಡಿನ ಪಾತಾಳವನ್ನು ಸೇರಿತು. ಇಂದಿಗೂ ತಿರುವಿನಲ್ಲಿ ಅದು ಉರುಳುವುದು ಕೇಳಿಸುತ್ತದೆಯಂತೆ.

ತಂತಿಗಳು ನಾಲ್ಕಾರಲ್ಲ, ಹನ್ನೆರಡಕ್ಕೂ ಹೆಚ್ಚು. ಹಳದಿಯದು ಬ್ಯಾಟರಿಯಿಂದ ಸದಾ ವಿದ್ಯುತ್ತನ್ನು ತರುತ್ತ ಪೆಟ್ಟಿಗೆಯ ನೆನಪನ್ನು ಕಾಯುವುದು. ಕೆಂಪಿನದು ಕೀಲಿ ತಿರುಗಿಸಿದಾಗ ಮಾತ್ರ ಎಚ್ಚರಗೊಳ್ಳುವುದು. ಕಪ್ಪು, ಕಾರಿನ ಮೈಗೆ. ಮುಂದಿನ ಎಡ ಸ್ಪೀಕರಿಗೆ ಬಿಳಿ, ಬಲಕ್ಕೆ ಬೂದು, ಹಿಂದಿನ ಎಡಕ್ಕೆ ಹಸಿರು, ಬಲಕ್ಕೆ ನೇರಳೆ. ಪ್ರತಿಯೊಂದಕ್ಕೂ ಮೈಮೇಲೆ ಕಪ್ಪು ಗೆರೆಯುಳ್ಳ ಸಂಗಾತಿಯೊಂದು. ಬಣ್ಣಕ್ಕೆ ಬಣ್ಣವನ್ನು ಹೆಣೆದು ಟೇಪು ಸುತ್ತುವಷ್ಟರಲ್ಲಿ ಬೆಳಕು ಇಳಿಯುತ್ತ ಬಂದಿತ್ತು.

ಹೊಸ ಪೆಟ್ಟಿಗೆ ಹಾಡಿತು! ರಾಯರು 102.9ರ ವಿವಿಧ ಭಾರತಿಯನ್ನು ನೆನಪಿಗೆ ಹಾಕಿ, ಹಲಗೆಯನ್ನು ಒತ್ತಿ, ಕಾಫಿಗೆ ಹೋದರು. ಹಿಂದಿರುಗಿ ಕೀಲಿ ತಿರುಗಿಸಿದರೆ ಪೆಟ್ಟಿಗೆಗೆ ಏನೂ ನೆನಪಿಲ್ಲ. ಕೆಲವು ಕಾರುಗಳ ಕಪ್ಲರಿನಲ್ಲಿ ಹಳದಿಯ ಸ್ಥಾನಕ್ಕೆ ಕೆಂಪು, ಕೆಂಪಿನ ಸ್ಥಾನಕ್ಕೆ ಹಳದಿ ಬಂದಿರುತ್ತದೆ. ರಾಯರದು ಅಂಥ ಕಾರು. ಹಲಗೆ ಮತ್ತೆ ಹೊರಬಂತು, ಎರಡು ತಂತಿಗಳು ಅದಲುಬದಲಾದುವು, ಹಲಗೆ ಒಳಹೋಯಿತು. ಆಗ ಮಗ ಬಂದು, "ಅಪ್ಪ, ಅಪಾಯದ ದೀಪದ ಗುಂಡಿ ಒತ್ತಿದ್ರೆ ದೀಪಾನೇ ಹತ್ತಲ್ಲ" ಎಂದನು. ಗುಂಡಿಗೆ ತಂತಿ ಸಿಕ್ಕಿಸುವುದನ್ನೇ ಮರೆತಿದ್ದರು. ಹಲಗೆ ಮತ್ತೊಮ್ಮೆ ಹೊರಬಂತು.

ಇಷ್ಟು ಹೊತ್ತೂ ಪತ್ನಿ ಹೊಸ ಪೆಟ್ಟಿಗೆಯ ಕಡೆ ಕಣ್ಣೆತ್ತಿ ನೋಡಿರಲಿಲ್ಲ. ಜಗಲಿಯ ಮೇಲಿದ್ದ ಹಳೆಯದರ ಪಕ್ಕದಲ್ಲಿ ಕುಳಿತಿದ್ದರು. "ಇದನ್ನ ಬಿಚ್ಚೋಕ್ಕಾಗುತ್ತೇನ್ರಿ?" ಎಂದರು. ರಾಯರಿಗೆ ಅಂಗಡಿಯಲ್ಲಿ ಕೇಳಿದ ಮಾತು ಆಗ ಅರ್ಥವಾಯಿತು. ಅವಸರವಿಲ್ಲದೆ, ಒಂದೊಂದು ಸಣ್ಣ ತಿರುಪನ್ನೂ ತಟ್ಟೆಯಲ್ಲಿಡುತ್ತ ಮುಚ್ಚಳವನ್ನು ತೆಗೆದರು. ರಬ್ಬರಿನ ಉರುಳೆಗಳ ನಡುವೆ ಸೀಡಿಯಿತ್ತು. ಗೀರೂ ಬಿದ್ದಿರಲಿಲ್ಲ.

ಆದರೆ ಹೊಸ ಪೆಟ್ಟಿಗೆಗೆ ಸೀಡಿಯ ಬಾಯಿಯೇ ಇಲ್ಲ. ಪೆನ್‌ಡ್ರೈವಿನ ಕಿಂಡಿ ಮಾತ್ರ. ಮಗನ ಲ್ಯಾಪ್‌ಟಾಪಿಗೂ ಇಲ್ಲ. ಮರುದಿನ ಫೋಟೋ ಸ್ಟುಡಿಯೋದ ಹಳೆಯ ಕಂಪ್ಯೂಟರಿನಲ್ಲಿ ಹಾಡುಗಳು ಪೆನ್‌ಡ್ರೈವಿಗೆ ಇಳಿದುವು.

ಕಾರಿನಲ್ಲಿ ಅತ್ತೆಯವರ ಧ್ವನಿ ಬಂತು. ಹಿಂದೆ ಪಾತ್ರೆಗಳ ಸದ್ದು, ಮಕ್ಕಳ ಗದ್ದಲ. ಪತ್ನಿ ಸ್ವಲ್ಪ ಹೊತ್ತು ಕೇಳಿ, "ಅಮ್ಮನ ಧ್ವನಿ ಹೀಗಿರಲಿಲ್ಲ" ಎಂದರು. ರಾಯರು ಮುದ್ರಣ ಹಳೆಯದೆಂದರು, ಪೆನ್‌ಡ್ರೈವು ಅಗ್ಗದ್ದೆಂದರು. ಆಕೆ ವಾದಿಸಲಿಲ್ಲ. ಕೇಳುತ್ತ ಹೋದಂತೆ ರಾಯರಿಗೂ ಹೌದೆನಿಸಿತು. ಧ್ವನಿ ಸೊರಗಿತ್ತು, ಎಡದಿಂದಲೂ ಅಲ್ಲ, ಬಲದಿಂದಲೂ ಅಲ್ಲ, ಎಲ್ಲಿಂದಲೋ ಬರುತ್ತಿತ್ತು. ಒಂದು ಸ್ಪೀಕರಿಗೆ ಧನ ಋಣ ತಂತಿಗಳು ಹಿಂದುಮುಂದಾದರೆ ಹೀಗೆಯೇ. ಒಂದರ ಪರದೆ ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಇನ್ನೊಂದರದು ಹಿಂದಕ್ಕೆಳೆಯುತ್ತದೆ. ನಡುವೆ ನಿಲ್ಲಬೇಕಾದ ಧ್ವನಿಯನ್ನು ಎರಡೂ ಸೇರಿ ಅಳಿಸುತ್ತವೆ.

ರಾಯರು ಕೈಬತ್ತಿ ಹಿಡಿದು ಹಲಗೆಯನ್ನು ನಾಲ್ಕನೆಯ ಸಲ ಕಿತ್ತರು. ಸಂಜೆಯ ಮಬ್ಬಿನಲ್ಲಿ ಬಿಳಿಯ ತಂತಿಯೊಡನೆ ಅದರ ಗೆರೆಯ ಸಂಗಾತಿ ಸ್ಥಳ ಬದಲಿಸಿಕೊಂಡಿತ್ತು. ಬಿಚ್ಚಿ, ತಿರುಗಿಸಿ, ಹೆಣೆದರು. ಹಲಗೆಯನ್ನು ಮುಚ್ಚುವ ಮೊದಲೇ ಹಾಡು ಹಾಕಿದರು. ಧ್ವನಿ ಇಬ್ಬರ ನಡುವೆ, ಎದುರಿಗೇ ಬಂದು ನಿಂತಿತು. ಎರಡನೆಯ ಚರಣದಲ್ಲಿ ಅತ್ತೆಯವರು ಸಾಲು ಮರೆತು ನಕ್ಕದ್ದು ಸ್ಪಷ್ಟವಾಗಿ ಕೇಳಿಸಿತು.

"ಇನ್ನೊಂದು ಸಲ ಹಾಕ್ರಿ" ಎಂದರು ಪತ್ನಿ. ತಂತಿಗಳು ಇನ್ನೂ ಹೊರಗೇ ಜೋಲಾಡುತ್ತಿದ್ದುವು.