ಮುದುಕನ್ನ ನೋಡಾಕ ಹೊಂಟೇನಿ

"ಮನ್ಯಾಗಿನ ಮುದಿಕಿನ್ನ ಬಿಟ್ಟು ಯಾವ ಊರಿನ ಮುದುಕನ್ನ ನೋಡಾಕ ಹೊಂಟೀಯವಾ?" ಅಂತ ನಮ್ಮ ಅತ್ತಿ ಕೇಳಿದ್ರು. ತಪ್ಪು ನಂದ. ಸ್ಕಾಟ್‌ಲ್ಯಾಂಡಿನಾಗ ಸ್ಕೈ ಅಂತ ಒಂದು ದ್ವೀಪ ಐತಿ, ಅಲ್ಲೆ ಗುಡ್ಡದ ಮ್ಯಾಲ ನೆಟ್ಟಗ ನಿಂತ ಒಂದು ಕಲ್ಲಿಗೆ ‘ಓಲ್ಡ್ ಮ್ಯಾನ್ ಆಫ್ ಸ್ಟೋರ್’ ಅಂತಾರ, ಅಂದ್ರ ಸ್ಟೋರ್ ಗುಡ್ಡದ ಮುದುಕ, ಅವನ ಫೋಟೋ ತಗ್ಯಾಕ ಹೋಗತೇನಿ ಅಂತ ನಾನ ಅವರ ಮುಂದ ಹೇಳಿದ್ದೆ. ಅತ್ತಿಗೆ 84 ವರ್ಷ. ಕಿವಿ ಒಂದೀಟು ಮಂದ ಆಗ್ಯಾವ, ನಾಲಿಗಿ ಏನೂ ಮಂದ ಆಗಿಲ್ಲ.

ನಾವೆಲ್ಲಾ ನಕ್ಕಿವಿ. ಆದ್ರ ಅವರು ನಗಲಿಲ್ಲ.

ಈ ಹುಚ್ಚು ಹೆಂಗ ಹತ್ತಿತು ಅಂತ ನಿಮಗ ಗೊತ್ತೈತಿ. ಮಗಳು ಗ್ಲಾಸ್ಗೋಕ್ಕ ಹೋಗುವಾಗ ತನ್ನ ಹಳೇ ಕ್ಯಾಮೆರಾ ಕಪಾಟಿನಾಗ ಬಿಟ್ಟು ಹೋಗಿದ್ಲು. ಕೊರೊನಾ ಕಾಲದಾಗ ಮಾಳಿಗಿ ಮ್ಯಾಲ ನಿಂತು ಗುಬ್ಬಿ, ತೆಂಗಿನಗರಿ ತಗದು ತಗದು ಕಲತೆ. ಆಮ್ಯಾಲ ಕೆಲಗೇರಿ ಕೆರಿ ದಂಡಿಗೆ ಹೋಗಾಕ ಹತ್ತಿದೆ. ಲಗ್ನ, ಸೀಮಂತ ಎಲ್ಲಾದಕ್ಕೂ ನನ್ನ ಕಡೆನ ಫೋಟೋ ತಗಸತೀರಿ, ಅದು ಬ್ಯಾರೆ ಮಾತು. ನನಗ ಮನಸು ಇರೂದು ನೀರು, ಗುಡ್ಡ, ಮೋಡದ ಮ್ಯಾಲ. ಅವು "ಇನ್ನೊಮ್ಮೆ ತಗೀರಿ, ಕಣ್ಣು ಮುಚ್ಚಿದ್ದೆ" ಅನ್ನೂದಿಲ್ಲ.

ಐದು ವರ್ಷ ಕಟ್ಟಿದ ಪೋಸ್ಟಿನ ಆರ್‌ಡಿ ಈ ಸಲ ಕೈಗೆ ಬಂತು. ನಮ್ಮ ಮನಿಯವರು "ಬಳಿ ಮಾಡಿಸ್ಕೊ" ಅಂದ್ರು. ನಾನು ಟಿಕೀಟ ತಗಸ್ರಿ ಅಂದೆ. ವೀಸಾ ಅರ್ಜಿಯೊಳಗ ಉದ್ಯೋಗ ಏನು, ಖರ್ಚು ಯಾರು ಕೊಡತಾರ ಅಂತ ಕೇಳಿದ್ರು. ಉದ್ಯೋಗದ ಮುಂದ ‘ಗೃಹಿಣಿ’ ಅಂತ ಹಾಕಿಸಿ, ಖರ್ಚಿನ ಮುಂದ ನನ್ನ ಹೆಸರು ಬರೆಸಿದೆ. ಅರ್ಜಿ ತುಂಬೂ ಹುಡುಗ ಎರಡು ಸಲ ನನ್ನ ಮಾರಿ ನೋಡಿದ.

ಇನ್ನ ದಿವಸದ ಲೆಕ್ಕ. ಬನ್ನಿ ಹಬ್ಬ ಮುಗದ ಮ್ಯಾಲ, ದೀಪಾವಳಿ ಬರೂದಕ್ಕ ಮೊದಲ ಹೋಗಿ ಬರಬೇಕು. ಅತ್ತೀನ್ನ ನೋಡ್ಕೊಳ್ಳಾಕ ಹುಬ್ಬಳ್ಳಿಯಿಂದ ನಾದಿನಿ ಬರತೇನಿ ಅಂದ್ಲು. ಹದಿನೈದು ದಿವಸ ಕೇಳಿದ್ದೆ, "ಹತ್ತ ದಿವಸ ವೈನಿ, ಅದಕ್ಕಿಂತ ಆಗೂದಿಲ್ಲ" ಅಂದ್ಲು. ಆಕಿಗೂ ಆಕಿ ಮನಿ ಐತಿ, ಸಿಟ್ಟು ಬರಲಿಲ್ಲ. ಆದ್ರ ಲಗ್ನಾಗಿ ಮೂವತ್ತು ವರ್ಷದಾಗ ನಾ ಈ ಮನಿ ಬಿಟ್ಟು ನಾಕು ದಿವಸಕ್ಕಿಂತ ಹೆಚ್ಚು ಹೊರಗ ಇದ್ದಿಲ್ಲ ಅನ್ನೂದು ಅವತ್ತ ಲೆಕ್ಕ ಹಾಕಿದಾಗ ತಿಳೀತು.

ಹತ್ತರಾಗ ಹೋಗಾಕ ಎರಡು, ಬರಾಕ ಎರಡು ಹೋದ್ರ ಉಳದದ್ದು ಆರು. ಮಗಳು ಫೋನಿನಾಗ ತನ್ನ ಪಟ್ಟಿ ಓದಿದ್ಲು. ಎಡಿನ್‌ಬರಾ ಒಂದು ದಿವಸ, ಲಾಕ್ ನೆಸ್ ಸರೋವರ ಒಂದು ದಿವಸ, ಲಂಡನ್ ಎರಡು ದಿವಸ, ಸ್ಕೈ ಒಂದೂವರಿ ದಿವಸ. "ಅಲ್ಲೆ ಏರಿ ಭಾಳ ಐತವ್ವಾ. ನೀ ಕಾರಿನಾಗ ಕುಂಡ್ರು, ನಾವು ಮ್ಯಾಲ ಹೋಗಿ ನಿನ್ನ ಕ್ಯಾಮೆರಾದಾಗ ಫೋಟೋ ತಗೊಂಡು ಬರತೀವಿ" ಅಂದ್ಲು. ಪ್ರೀತಿಯಿಂದ ಅಂದದ್ದು ಖರೆ. ಆದ್ರೂ ಆ ಮಾತು ನನಗ ಚುಚ್ಚಿತು. ಬ್ಯಾರೆಯವರು ತಗದ ಫೋಟೋ ನೋಡೂದಾದ್ರ ಧಾರವಾಡದಾಗ ಕುಂತ ನೋಡಬಹುದಲ್ಲಾ.

ಎರಡು ದಿವಸ ಸುಮ್ಮನಿದ್ದು, ಹಳೇ ಕ್ಯಾಲೆಂಡರಿನ ಹಿಂದ ಪೆನ್ಸಿಲ್‌ಲೇ ದ್ವೀಪದ ನಕಾಶೆ ತಗದೆ. ಮೂಡಲ ಯಾವ ಕಡೆ, ಪಡುವಲ ಯಾವ ಕಡೆ ಅಂತ ಗುರ್ತು ಹಾಕಿದೆ. ಸ್ಟೋರ್ ಮುದುಕ ಮೂಡಲ ದಿಕ್ಕಿನ ಸಮುದ್ರಕ್ಕ ಮಾರಿ ಮಾಡಿ ನಿಂತಾನ, ಬೆನ್ನ ಹಿಂದ ಗುಡ್ಡ. ಮಧ್ಯಾಹ್ನ ಕಳದ ಮ್ಯಾಲ ಬಿಸಲು ಆ ಗುಡ್ಡದ ಹಿಂದ ಹೋಗತೈತಿ, ಮುದುಕ ನೆಳ್ಳಾಗ ಉಳೀತಾನ. ಅಲ್ಲಿಗೆ ಸೂರ್ಯ ಹುಟ್ಟೂಕಿಂತ ಮೊದಲ ಮುಟ್ಟಬೇಕು. ಪಡುವಲ ತುದಿಗೆ ನೀಸ್ಟ್ ಪಾಯಿಂಟ್ ಅಂತ ಐತಿ, 1909ರ ದೀಪಸ್ತಂಭ, ಅದಕ್ಕ ಸೂರ್ಯ ಮುಳಗೂ ಹೊತ್ತು. ಮಗಳ ಪಟ್ಟಿಯೊಳಗ ಮುಂಜಾನೆ ನೀಸ್ಟ್, ಊಟ ಆದ ಮ್ಯಾಲ ಮುದುಕ! ಒಗ್ಗರಣಿ ಹಾಕಿ ಆಮ್ಯಾಲ ಬ್ಯಾಳಿ ಕುದಸಿದಂಗಾತು.

ಮತ್ತ ಅಲ್ಲೆ ಮಳಿ ಹೇಳಿ ಕೇಳಿ ಬರೂದಿಲ್ಲ. ಅಕ್ಟೋಬರಿನಾಗಂತೂ ಎರಡು ಮುಂಜಾನೆ ಮಳಿಗೆ, ಮಂಜಿಗೆ ಹೋದೂವು ಅಂತ ಮೊದಲ ತಗದಿಡಬೇಕು. ಅದಕ್ಕ ನಾಕು ರಾತ್ರಿ ಬೇಕು, ಒಂದೂವರಿ ದಿವಸ ಸಾಲೂದಿಲ್ಲ ಅಂತ ಹಟ ಹಿಡದೆ. ಅಕ್ಟೋಬರಿನಿಂದ ಲಾಭನೂ ಐತಿ. ಬ್ಯಾಸಗಿಯಾಗ ಅಲ್ಲೆ ಮಿಜ್ ಅನ್ನೂ ಸಣ್ಣ ನೊಣ ಮುತ್ತಿ ಕಚ್ಚತಾವ, ಚಳಿ ಬಂತಂದ್ರ ಅವು ಇರೂದಿಲ್ಲ. ಹುಲ್ಲು, ಗಿಡಗಂಟಿ ತಾಮ್ರದ ಬಣ್ಣಕ್ಕ ತಿರಗತಾವ. ಜೂನಿನಾಗ ಹೋದ್ರ ನಾಕೂವರಿಗೆ ಸೂರ್ಯ ಹುಟ್ಟತಾನ. ಅಕ್ಟೋಬರ್ ನಡುವ ಎಂಟರ ಸುಮಾರಿಗೆ. ನಾಕೂವರಿಗೆ ಏಳೂ ನನಗ ಅದು ಸುಖದ ಕೆಲಸ, ಏಳೂದು ಕಷ್ಟ ಇರೂದು ಮಗಳಿಗೆ!

ಇನ್ನ ನನ್ನ ಮಣಕಾಲು. ಯಾವ ಜಾಗಾ ಎಷ್ಟು ನಡಿಗಿ ಅಂತ ಹುಡುಕಿ ಬರಕೊಂಡೆ. ಮುದುಕನ ಕಡೆ ಹೋಗಿ ಬರಾಕ ನಾಕು ಕಿಲೋಮೀಟರಿನಷ್ಟು, ಸುಮಾರು 290 ಮೀಟರ್ ಏರಿ. ಅದೊಂದ ತ್ರಾಸಿಂದು. ಕ್ವಿರಾಂಗ್ ಅಂತ ಇನ್ನೊಂದು ಐತಿ, ಅಲ್ಲೆ ರಸ್ತೆ ಗುಡ್ಡದ ನೆತ್ತಿಗೆ ಮುಟ್ಟತೈತಿ, ಕಾರಿನಿಂದ ಇಳದು ನಾಕು ಹೆಜ್ಜಿ ಹೋದ್ರ ಎಲ್ಲಾ ಕಾಣತೈತಿ. ನೀಸ್ಟಿನಾಗ ದೀಪಸ್ತಂಭದ ತನಕ ಇಳೀಬೇಕಂತ ಇಲ್ಲ, ಮ್ಯಾಲಿನ ಕಡಿದಾದ ದಂಡಿಯಿಂದನ ಫೋಟೋ ಛಂದ ಬರತೈತಿ. ಸ್ಲಿಗಾಖನ್ ಅಂತ ಹಳೇ ಕಲ್ಲಿನ ಸೇತುವೆ ರಸ್ತೆ ಮಗ್ಗಲಕ್ಕ ಐತಿ, ಹಿಂದ ಕೂಲಿನ್ ಗುಡ್ಡದ ಸಾಲು. ಆ ಸಾಲಿನಾಗ ಎತ್ತರದ್ದು 992 ಮೀಟರ್. ಮೋಡ ಮುಸುಕಿದ ದಿವಸ ಅಲ್ಲೆ ಹೊಳಿ, ಝರಿ ಫೋಟೋ ಮಾಡೂದು, ನೀರಿಗೆ ಮೋಡದ ಬೆಳಕ ಛಲೋ. ಅಂದ್ರ ಮಣಕಾಲು ಒಂದ ಮುಂಜಾನೆ ಕೈ ಹಿಡದ್ರ ಸಾಕು. ಅದಕ್ಕಂತ ಎರಡು ತಿಂಗಳಿಂದ ಯುನಿವರ್ಸಿಟಿ ಗುಡ್ಡ ಏರಿ ಇಳ್ಯಾಕ ಹತ್ತೇನಿ. ಅಲ್ಲೆ ನನ್ನ ಕಂಡು "ಸಕ್ಕರಿ ಕಾಯಿಲೆ ಬಂದೈತೇನು?" ಅಂತ ಕೇಳಿದವರಿಗೆಲ್ಲಾ ಇದ ಉತ್ತರ.

ಕ್ವಿರಾಂಗ್ ಗುಡ್ಡ ಇನ್ನೂ ಸರೀತ ಐತಂತ, ಅದರ ಬುಡದ ರಸ್ತೆ ವರ್ಷಾ ದುರಸ್ತಿ ಮಾಡತಾರ. ಸುಮಾರು 6 ಕೋಟಿ ವರ್ಷದ ಹಿಂದ ಹರದ ಲಾವಾ ಗಟ್ಟಿಯಾಗಿ, ಕೆಳಗಿನ ಮೆತ್ತನ್ನ ಕಲ್ಲಿನ ಮ್ಯಾಲ ಕುಂತು, ಭಾರ ತಡೀದ ಜಾರಿದ್ದು. ಮುದುಕನೂ ಹಂಗ ಜಾರಿ ಉಳದಾವ. ನನ್ನ ತವರಮನಿ ಚಿಕ್ಕೋಡಿ ಕಡೆ ಬಾವಿ ತೋಡಿದ್ರ ಸಿಗೂ ಕರಿಕಲ್ಲೂ ಹೆಚ್ಚೂಕಡಿಮಿ ಆ ಕಾಲದ ಲಾವಾನ. ಇದನ್ನ ಓದಿದ ಮ್ಯಾಲ ಪರದೇಶಕ್ಕ ಹೋಗೂ ಅಂಜಿಕಿ ಸ್ವಲ್ಪ ಕಡಿಮಿ ಆತು.

ಉಳದದ್ದು ಸಣ್ಣ ಸಣ್ಣದು. 1995ರಿಂದ ಸೇತುವೆ ಐತಿ, ಗ್ಲಾಸ್ಗೋದಿಂದ ಕಾರಿನಾಗ ಐದಾರು ತಾಸು. ಗಾಡಿ ನಮ್ಮಂಗ ಎಡಕ್ಕ ಓಡಸತಾರ. ದ್ವೀಪದಾಗ ಎಷ್ಟೋ ಕಡೆ ಒಂದ ಗಾಡಿ ಹೋಗೂ ರಸ್ತೆ, ಎದುರಿಗೆ ಬಂದವರಿಗೆ ಹಾದಿ ಬಿಡಾಕ ಅಲ್ಲಲ್ಲಿ ಜಾಗಾ ಮಾಡಿರತಾರ. ಫೋಟೋದವರು ಅಲ್ಲೇ ಗಾಡಿ ನಿಂದರಸಿ ಊರವರ ಕಡೆ ಬೈಸ್ಕೋತಾರಂತ, ಅಳಿಯಗ ಈಗ ಹೇಳಿಟ್ಟೇನಿ. ಮಳಿಗೆ ಕ್ಯಾಮೆರಾಕ್ಕ ಸ್ನಾನದ ಪ್ಲಾಸ್ಟಿಕ್ ಟೊಪಗಿ, ಒರಸಾಕ ಹಳೇ ಧೋತರದ ತುಂಡು. ಚಳಿಗೆ ಬ್ಯಾಟರಿ ಲಗೂನ ಇಳೀತಾವ, ಮೈಗೆ ಹತ್ತಿ ಒಳಕಿಸೆದಾಗ ಇಟ್ಕೋಬೇಕು. ತಿನ್ನಾಕ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಹಚ್ಚಿದ ಅವಲಕ್ಕಿ. ಫೇಡಾ ಮಾತ್ರ ಒಯ್ಯಂಗಿಲ್ಲ! ಇಲ್ಲಿಂದ ಹಾಲಿನ ಪದಾರ್ಥ ಆ ದೇಶಕ್ಕ ತಗೊಂಡು ಹೋಗೂ ಹಂಗಿಲ್ಲ. ಧಾರವಾಡದವರು ಬರೇ ಕೈಲೆ ಬೀಗರ ಮನಿಗೆ ಹೋಗೂದಂದ್ರ ಹೆಂಗ, ಒಂದು ಉಪಾಯ ಇದ್ರ ಹೇಳ್ರಿ.

ಮಗಳು ಕಡೀಕ ಒಪ್ಪಿದ್ಲು. ಆದ್ರ ಲೆಕ್ಕ ನೋಡಿ, "ಹಂಗಾದ್ರ ನನ್ನ ಮನ್ಯಾಗ ಒಂದ ದಿವಸ ಇರತೀ ಏನವ್ವಾ?" ಅಂದ್ಲು. ಸ್ಕೈಗೆ ಆಕಿನೂ ಬರತಾಳ, ಐದು ದಿವಸ ಜೊತಿಗೆ ಇರತೀವಿ, ಆದ್ರೂ ಆಕಿ ಕೇಳಿದ್ದು ಅದನ್ನಲ್ಲ ಅಂತ ನನಗ ತಿಳೀತೈತಿ. ಏನೂ ಹೇಳಲಿಲ್ಲ.

ಅತ್ತಿ ಗುಳಿಗಿ ಡಬ್ಬಿಗೆ ಹತ್ತು ದಿವಸದ್ದು ಮುಂಜಾನೆ, ಸಂಜಿ ಅಂತ ಬ್ಯಾರೆ ಬ್ಯಾರೆ ಚೀಟಿ ಹಚ್ಚೇನಿ. ನಿನ್ನೆ ಅವರು ಅದನ್ನ ಕೈಯಾಗ ಹಿಡಕೊಂಡು ಎಣಿಸಿದ್ರು. "ಹನ್ನೊಂದನೇ ದಿವಸದ್ದು ಇಲ್ಲಲ್ಲ?" ಅಂದ್ರು. ಅದನ್ನ ನಾನ ಬಂದು ಕೊಡತೇನ್ರಿ ಅಂದೆ. "ವಿಮಾನ ತಡಾ ಆದ್ರ?" ಅಂದ್ರು. ಇನ್ನೆರಡು ದಿವಸದ್ದು ಹಾಕಿಟ್ಟೆ.

ಯಾರ ಕಡೆರೆ ಮಳಿಗೆ ತೊಯ್ಯಲಾರದಂಥ ಪ್ಯಾಂಟ್ ಇದ್ರ ಕೊಡ್ರಿ, ದೊಡ್ಡ ಅಳತಿದು. ತೊಳದು ವಾಪಸ್ ಕೊಡತೇನಿ.