ಬಾಡಿಗೆಯ ಮೋಟಾರು

ಸ್ವಂತ ಮೋಟಾರುಳ್ಳವರು ಬಾಡಿಗೆಯ ಮೋಟಾರನ್ನು ತುಸು ತಾತ್ಸಾರದಿಂದ ಕಾಣುವುದು ಲೋಕರೂಢಿಯಾಗಿದೆ. ಅದು ನ್ಯಾಯವಲ್ಲವೆಂಬುದು ನನ್ನ ಅಭಿಪ್ರಾಯ. ಸ್ವಂತದ್ದು ದಿನಬಳಕೆಯ ಅಂಗಿಯಿದ್ದಂತೆ. ಗಂಡ, ಹೆಂಡತಿ, ಒಂದೆರಡು ಮಕ್ಕಳ ಅಳತೆಗೆ ಹೊಲಿಸಿದ್ದು. ಆದರೆ ಸಂಸಾರವೆಂಬುದು ವರ್ಷಕ್ಕೊಮ್ಮೆಯಾದರೂ ಆ ಅಳತೆಯನ್ನು ಮೀರಿ ನಿಲ್ಲುತ್ತದೆ. ಅಕ್ಕ, ಭಾವ ಬರುತ್ತಾರೆ. ಊರಿನಿಂದ ಸೋದರಮಾವನವರು ಹೇಳಿಕಳುಹಿಸುತ್ತಾರೆ. ವೃದ್ಧರಾದ ತಾಯಿಯವರು, "ಒಂದು ಸಲ ಎಲ್ಲರೂ ಕೂಡಿ ಹೋಗಿಬರೋಣ" ಎನ್ನುತ್ತಾರೆ. ಎರಡು ವಾಹನಗಳಲ್ಲಿ ಹೋಗಬಹುದಲ್ಲ ಎಂದು ವಾಚಕರು ಕೇಳಬಹುದು. ಹೋಗಬಹುದು, ಆದರೆ ಅದು ಕೂಡಿ ಹೋದಂತಾಗುವುದಿಲ್ಲ. ಒಂದರಲ್ಲಿ ನಕ್ಕದ್ದು ಇನ್ನೊಂದಕ್ಕೆ ಕೇಳಿಸದು.

ನಮ್ಮ ಮಲೆನಾಡಿಗೆ ಬಾಡಿಗೆಯ ವಾಹನ ಹೊಸದೇನೂ ಅಲ್ಲ. ದಿಬ್ಬಣಕ್ಕೆ ಕಮಾನುಗಾಡಿ ಕೇಳಿ ತರುತ್ತಿದ್ದ ಕಾಲ ಹೋಗಿ ಜೀಪಿನ ಕಾಲ ಬಂದಿತು. ೧೯೯೪ರಲ್ಲಿ ಸುಮೋ ಬಂದಿತು, ೨೦೦೦ದಲ್ಲಿ ಕ್ವಾಲಿಸ್, ೨೦೦೫ರಲ್ಲಿ ಇನ್ನೋವಾ. ಇವುಗಳೊಂದಿಗೆಲ್ಲ ಚಾಲಕನೂ ಬರುತ್ತಿದ್ದನು. ಅವನ ಗುಣಗಾನಕ್ಕೆ ಪ್ರತ್ಯೇಕ ಲೇಖನವೇ ಬೇಕು: ಯಾವ ತಿರುವಿನಲ್ಲಿ ಮಣ್ಣು ಜಾರಿದೆ, ಯಾವ ಅಂಗಡಿಯ ಚಹಾ ಕುಡಿಯತಕ್ಕದ್ದು, ಯಾರ ಮನೆಯ ನಾಯಿ ಚಕ್ರಕ್ಕೆ ಅಡ್ಡ ಬರುತ್ತದೆ ಎಂಬುದನ್ನೆಲ್ಲ ಅವನು ಬಲ್ಲನು. ಅವನನ್ನು ಬಿಟ್ಟು, ವಾಹನವನ್ನು ಮಾತ್ರ ಬಾಡಿಗೆಗೆ ಹಿಡಿದು ನಾವೇ ನಡೆಸಬೇಕೆಂದು ನಾವು ನಿರ್ಧರಿಸಿದ್ದು ಜಂಬದಿಂದಲ್ಲ, ಲೆಕ್ಕದಿಂದ. ನಾವು ಏಳು ಜನ; ತಾಯಿಯವರು, ಸೋದರಮಾವನವರು, ಅಕ್ಕ, ಭಾವ, ನನ್ನ ಹೆಂಡತಿ, ಮಗ, ನಾನು. ಮೂರು ಸಾಲಿನ ವಾಹನಕ್ಕೆ ಏಳು ಆಸನ. ಎಂಟನೆಯವನಾದ ಚಾಲಕನನ್ನು ಕೂಡಿಸಿಕೊಂಡರೆ ನಮ್ಮಲ್ಲೊಬ್ಬರು ಮನೆಯಲ್ಲುಳಿಯಬೇಕಾಗುತ್ತಿತ್ತು.

ಹೀಗೆ ಸಾರಥಿಯಿಲ್ಲದ ರಥವನ್ನು ಬಾಡಿಗೆಗೆ ಕೊಡುವುದಕ್ಕೆ ಸರಕಾರದ ಕಟ್ಟಳೆಯುಂಟು. ೧೯೮೮ರ ಮೋಟಾರು ವಾಹನ ಕಾಯಿದೆಯನ್ನನುಸರಿಸಿ ೧೯೮೯ರಲ್ಲಿ ಮಾಡಿದ ಯೋಜನೆಯದು. ಅಂತಹ ವಾಹನದ ನಂಬರು ಹಲಗೆ ಕಪ್ಪು, ಅದರ ಮೇಲಿನ ಅಕ್ಷರ ಹಳದಿ. ಚಾಲಕನೊಡನೆ ಬರುವ ಟ್ಯಾಕ್ಸಿಗಾದರೆ ಹಲಗೆ ಹಳದಿ, ಅಕ್ಷರ ಕಪ್ಪು. ಬಿಳಿಯ ಹಲಗೆ ಸ್ವಂತ ಬಳಕೆಯದು. ಅದನ್ನು ಗುಟ್ಟಾಗಿ ಬಾಡಿಗೆಗೆ ಬಿಡುವವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಪರಿಚಿತರೊಬ್ಬರು ನನಗೂ ಅಂತಹದೊಂದನ್ನು ಕಡಿಮೆ ದರಕ್ಕೆ ಕೊಡಿಸುವೆನೆಂದರು. ಅಪಘಾತವಾದರೆ ವಿಮೆಯವರು ಕೈಚೆಲ್ಲುವ ಸಂಭವವುಂಟು. ಏಳು ಜನರ ಪ್ರಾಣವನ್ನಿಟ್ಟುಕೊಂಡು ಅಂತಹ ಅಗ್ಗದ ವ್ಯಾಪಾರ ಬೇಡವೆಂದು ಬೆಂಗಳೂರಿನಲ್ಲಿ ಕಪ್ಪು ಹಲಗೆಯದನ್ನೇ ಹಿಡಿದೆವು.

ವಾಹನವನ್ನು ಒಪ್ಪಿಸುವ ಹುಡುಗ ಕೈಯಲ್ಲಿ ಮೊಬೈಲನ್ನು ಹಿಡಿದು ಅದರ ಸುತ್ತ ಮೂರು ಪ್ರದಕ್ಷಿಣೆ ಬಂದನು. ಎಡಬಾಗಿಲಿನ ಕೆಳಗೊಂದು ಗೀರು, ಹಿಂದಿನ ಬಂಪರಿನಲ್ಲೊಂದು ಕಚ್ಚು, ಚಕ್ರದ ಬಟ್ಟಲಿನ ಅಂಚಿನಲ್ಲೊಂದು ತರಚು; ಎಲ್ಲದರ ಚಿತ್ರವೂ ಆಯಿತು, ಎಲ್ಲಕ್ಕೂ ನನ್ನ ರುಜುವಾಯಿತು. ಹೊಸ ಗೀರಿಗೆ ಇಷ್ಟು, ಕೆಸರಿಗೆ ಇಷ್ಟು, ಹೊತ್ತು ಮೀರಿದರೆ ಗಂಟೆಗೆ ಇಷ್ಟು. ಮನೆಗೆ ಬಂದು ಇದನ್ನು ತಾಯಿಯವರಿಗೆ ಹೇಳಿದಾಗ ಅವರು, "ನಮ್ಮ ಮನೆಯನ್ನೂ ಹೀಗೇ ಎಣಿಸಿದರು. ಹಂಚು ಎಷ್ಟು, ಹಲಸಿನ ಮರ ಎಷ್ಟು, ಅಡಿಕೆ ಮರ ಎಷ್ಟು ಅಂತ. ಸಸಿಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲಿಲ್ಲ" ಎಂದರು. ನಮ್ಮ ಪ್ರಯಾಣದ ಕಾರಣವೂ ಅದೇ. ಶರಾವತಿಯ ಆಚೆ, ಕರೂರು ಸೀಮೆಯಲ್ಲಿ, ಮುಳುಗಿಹೋದ ತಮ್ಮ ತವರುಮನೆಯ ಜಾಗವನ್ನು ಅವರು ಇನ್ನೊಮ್ಮೆ ನೋಡಬೇಕಾಗಿತ್ತು.

ಶಿವಮೊಗ್ಗೆಯಲ್ಲಿ ಮಾವನವರನ್ನು ಹತ್ತಿಸಿಕೊಂಡೆವು. ಅವರು ವಾಹನವನ್ನು ಸುತ್ತಿ ನೋಡಿ, ಕಪ್ಪು ಹಲಗೆ ಏಕೆಂದು ಕೇಳಿದರು. ನಡೆಸುವವನು ಒಬ್ಬ, ಒಡೆಯ ಇನ್ನೊಬ್ಬ ಎಂಬುದಕ್ಕೆ ಅದು ಗುರುತು ಎಂದೆನು. "ಹಾಗಾದರೆ ನಮ್ಮ ಜಮೀನಿಗೂ ಒಂದು ಕಪ್ಪು ಹಲಗೆ ಹೊಡೆಯಬೇಕು ಮಾರಾಯ" ಎಂದರು ಅವರು. ಮುಳುಗಡೆಯವರಿಗೆ ಅಂದು ಕಾಡಂಚಿನಲ್ಲಿ ತೋರಿಸಿದ ಭೂಮಿಯನ್ನು ಅವರು ಅರವತ್ತು ವರ್ಷಗಳಿಂದ ಉಳುತ್ತಿದ್ದಾರೆ. ಅಂತಹ ಅನೇಕ ಕುಟುಂಬಗಳಂತೆ ಅವರಿಗೂ ಗಟ್ಟಿಯಾದ ಹಕ್ಕುಪತ್ರ ಇನ್ನೂ ಕೈಸೇರಿಲ್ಲ.

ವಾಹನದ ವೈಭವವನ್ನು ಈಗ ತುಸು ವರ್ಣಿಸಬೇಕು. ತಯಾರಕರ ಹೆಸರು ನಮಗೆ ಬೇಡ. ತಾನಾಗಿ ಬದಲಾಗುವ ಗೇರು, ಮಾಡಿನಲ್ಲಿ ತೆರೆದುಕೊಳ್ಳುವ ಗಾಜಿನ ಕಿಂಡಿ, ಸುತ್ತಲಿನ ನೆಲವನ್ನು ಮೇಲಿನಿಂದ ಕಂಡಂತೆ ತೋರಿಸುವ ಕ್ಯಾಮೆರಾ, ದಾರಿ ಹೇಳುವ ನಕ್ಷೆ, ಅಡ್ಡ ಬಂದದ್ದನ್ನು ತಾನೇ ಕಂಡು ಬ್ರೇಕು ಹಿಡಿಯುವ ರಾಡಾರು, ರಸ್ತೆಯ ಬಿಳಿಯ ಗೆರೆಯನ್ನು ನೋಡಿ ಚಕ್ರವನ್ನು ನೆಟ್ಟಗಿಡುವ ಯುಕ್ತಿ. ಗಂಟೆಗೆ ೮೦ ಕಿಲೋಮೀಟರು ಮೀರಿದರೆ ಗಂಟೆ ಬಾರಿಸುವ ಏರ್ಪಾಡೂ ಉಂಟು. ೨೦೧೯ರ ಜುಲೈಯಿಂದ ಹೊಸ ಕಾರುಗಳಿಗೆಲ್ಲ ಅದು ಕಡ್ಡಾಯ. ಶಿವಮೊಗ್ಗೆ ದಾಟಿದ ಮೇಲೆ ಆ ಗಂಟೆಗೆ ಕೆಲಸವೇ ಇರಲಿಲ್ಲ.

ನದಿಯನ್ನು ಹುಟ್ಟಿದಲ್ಲಿಂದಲೇ ನೋಡಿಕೊಂಡು ಹೋಗಬೇಕೆಂದು ತಾಯಿಯವರ ಆಸೆ. ಆದಕಾರಣ ಮೊದಲು ತೀರ್ಥಹಳ್ಳಿಗೆ ಹೋಗಿ, ಅಲ್ಲಿಂದ ಅಂಬುತೀರ್ಥಕ್ಕೆ ಹೊರಳಿದೆವು. ಸೀತೆಯ ಬಾಯಾರಿಕೆಗೆ ರಾಮನು ಬಾಣ ಬಿಟ್ಟು ನೀರು ತರಿಸಿದ ಕಥೆಯನ್ನು ಎಲ್ಲರೂ ಬಲ್ಲರು. ಬೊಗಸೆಯಲ್ಲಿ ಹಿಡಿಯಬಹುದಾದ ಆ ನೀರನ್ನು ತಾಯಿಯವರು ಬಹಳ ಹೊತ್ತು ನೋಡಿದರು, ಏನನ್ನೂ ಹೇಳಲಿಲ್ಲ.

ಅಲ್ಲಿಂದ ಹೊಸನಗರದ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ವೈಭವಕ್ಕೆ ನಿಜವಾದ ಪರೀಕ್ಷೆಯಾಯಿತು. ಒಂಟಿಪಥದ ರಸ್ತೆಯ ಡಾಂಬರು ಮೂರು ಮುಕ್ಕಾಲು ಮೀಟರು ಅಗಲ. ಎದುರು ಬರುವ ಬಸ್ಸು ಎರಡೂವರೆ ಮೀಟರು, ನಮ್ಮ ವಾಹನ ಎರಡು ಮೀಟರಿಗೆ ತುಸು ಕಡಿಮೆ. ಗಣಿತವನ್ನು ವಾಚಕರೇ ಮಾಡಿಕೊಳ್ಳಲಿ. ಒಬ್ಬರು ಮಣ್ಣಿಗಿಳಿಯಲೇಬೇಕು, ಬಸ್ಸಿನವನು ಇಳಿಯುವವನಲ್ಲ. ಪ್ರತಿಸಲ ನಾನು ಅಂಚಿಗೆ ಸರಿದಾಗಲೂ ದರೆಯ ಹುಲ್ಲನ್ನು ಗೋಡೆಯೆಂದೆಣಿಸಿ ವಾಹನ ಕಿರಿಚಿಕೊಳ್ಳುತ್ತಿತ್ತು. ಕಿರಿಚಿದಾಗಲೆಲ್ಲ ಆ ಹುಡುಗನ ಗೀರಿನ ಪಟ್ಟಿ ನೆನಪಾಗುತ್ತಿತ್ತು. ಬಿಳಿಯ ಗೆರೆ ನೋಡುವ ಯುಕ್ತಿಯಂತೂ ಗೆರೆಯೇ ಇಲ್ಲದ ಆ ದಾರಿಯಲ್ಲಿ ನಿದ್ರೆಹೋಯಿತು. ರಾಡಾರನ್ನು ಮಾತ್ರ ಹೊಗಳಲೇಬೇಕು. ಒಂದು ತಿರುವಿನಲ್ಲಿ ಕರುವೊಂದು ಹಠಾತ್ತನೆ ನುಗ್ಗಿತು. ನನ್ನ ಕಾಲು ಬ್ರೇಕನ್ನು ಮುಟ್ಟುವ ಮೊದಲೇ ವಾಹನ ನಿಂತಿತ್ತು. "ಗಾಡಿಗೆ ದನ ಕಂಡರೆ ಭಕ್ತಿ" ಎಂದು ಮಾವನವರು ಮೆಚ್ಚಿಕೊಂಡರು.

ಮೂರನೆಯ ಸಾಲಿನ ವಿಷಯವನ್ನು ಮಾರುವವರು ಹೇಳಿದಂತೆ ನಂಬಬಾರದು. ಅಲ್ಲಿಗೆ ಹೋಗಬೇಕಾದರೆ ನಡುವಿನ ಆಸನವನ್ನು ಮಡಿಸಿ, ತಲೆಯನ್ನು ಬಗ್ಗಿಸಿ, ಒಂದು ಕಾಲನ್ನು ಮೊದಲು ಕಳುಹಿಸಬೇಕು. ಕುಳಿತರೆ ಮೊಣಕಾಲು ಎದೆಯ ಕಡೆಗೆ ಏರುತ್ತದೆ. ಹಿಂಬದಿಯ ಗುಂಡಿಗಳೆಲ್ಲ ಮೊದಲು ಅಲ್ಲಿ ಕುಳಿತವರ ಬೆನ್ನಿಗೇ ತಿಳಿಯುತ್ತವೆ. ಆ ಸಾಲನ್ನು ಎತ್ತಿ ನಿಲ್ಲಿಸಿದರೆ ಸಾಮಾನಿಗೆ ಉಳಿಯುವ ಜಾಗ ಒಂದು ಮೊಳ; ಹಾಗಾಗಿ ಅಕ್ಕನ ಉಪ್ಪಿನಕಾಯಿ ಭರಣಿ ಉದ್ದಕ್ಕೂ ಭಾವನ ಕಾಲುಗಳ ನಡುವೆ ಪ್ರಯಾಣಮಾಡಿತು. ಮಗನಿಗೂ ಭಾವನಿಗೂ ಸರದಿಯ ಮೇಲೆ ಅಲ್ಲಿ ಸ್ಥಾನವೆಂದು ಏರ್ಪಾಡಾಗಿತ್ತು. ತಾಯಿಯವರು ಮುಂದೆ, ನನ್ನ ಮಗ್ಗುಲಲ್ಲಿ.

ಸಾಗರದಲ್ಲಿ ಊಟವಾಯಿತು. ಮತ್ತೆ ಹೊರಡುವಾಗ ತಾಯಿಯವರು ಮುಂದಿನ ಬಾಗಿಲಿಗೆ ಬರಲಿಲ್ಲ.

"ನನ್ನನ್ನೂ ತಮ್ಮನನ್ನೂ ಹಿಂದೆ ಕೂರಿಸು" ಎಂದರು.

"ಅಮ್ಮ, ಅಲ್ಲಿ ನಿನ್ನ ಮಂಡಿ ಹಿಡಿದುಕೊಳ್ಳುತ್ತದೆ."

"ಹಿಡಿದರೆ ಹಿಡಿಯಲಿ. ಅವತ್ತೂ ನಾವಿಬ್ಬರೇ ಹಿಂದೆ ಕೂತದ್ದು."

ಲಿಂಗನಮಕ್ಕಿಯ ಕಟ್ಟೆ ಮುಗಿದದ್ದು ೧೯೬೪ರಲ್ಲಿ. ಅದರ ತುಂಬುಮಟ್ಟ ಸಮುದ್ರಮಟ್ಟಕ್ಕೆ ೧೮೧೯ ಅಡಿ. ಆ ಅಡಿಯ ಲೆಕ್ಕದೊಳಗೆ ಯಾರ ಅಂಗಳ ಬಂದಿತೋ ಅವರೆಲ್ಲ ಏಳಬೇಕಾಯಿತು. ಕೆಳಗೆ ಕಣಿವೆಯಲ್ಲಿ ಹತ್ತು ಯಂತ್ರಗಳು ಕೂಡಿ ೧೦೩೫ ಮೆಗಾವಾಟು ವಿದ್ಯುತ್ತನ್ನು ಕೊಡಬಲ್ಲವು. ನಾಡಿನ ಎಷ್ಟೋ ಮನೆಗಳಿಗೆ ಮೊದಲ ದೀಪ ಅಲ್ಲಿಂದ ಬಂದಿತೆಂಬುದನ್ನು ನಾನು ಅಲ್ಲಗಳೆಯುವವನಲ್ಲ. ತಾಯಿಯವರಿಗೆ ಆಗ ಹದಿನಾಲ್ಕು ವರ್ಷ, ಮಾವನವರಿಗೆ ಒಂಬತ್ತು. ಬಾಡಿಗೆಯ ಲಾರಿಯೊಂದು ಬಂದಿತು. ಅಜ್ಜ ಅಜ್ಜಿ ಮುಂದೆ ಚಾಲಕನ ಬಳಿ. ಮಕ್ಕಳಿಬ್ಬರು ಹಿಂದೆ, ಒರಳುಕಲ್ಲು, ಕೊಪ್ಪರಿಗೆ, ಬಿಚ್ಚಿದ ಬಾಗಿಲುಗಳ ನಡುವೆ. ಮುಂದೆ ಕುಳಿತವರಿಗೆ ಹೋಗುವ ಊರು ಕಾಣುತ್ತದೆ, ಹಿಂದೆ ಕುಳಿತವರಿಗೆ ಬಿಟ್ಟ ಊರು. ಹಂಚು ಇಳಿಸಿದ ಮನೆಯನ್ನು ತಿರುವಿನವರೆಗೆ ನೋಡಿದವರು ಆ ಇಬ್ಬರೇ. ಈ ಸಂಗತಿಯನ್ನು ನಾನು ಕೇಳಿದ್ದು ಅಂದೇ ಮೊದಲು, ಸಾಗರದ ಹೋಟೆಲಿನ ಅಂಗಳದಲ್ಲಿ, ಆಸನವನ್ನು ಮಡಿಸಿ ಹಿಡಿದು ನಿಂತಿದ್ದಾಗ. ಅಕ್ಕನೂ ನಾನೂ ಸೇರಿ ಅವರನ್ನು ಒಳಗೆ ಹತ್ತಿಸಿದೆವು. ಬೆಲ್ಟು ಬಿಗಿಯುವುದಕ್ಕೆ ಕೆಲವು ನಿಮಿಷ ಹಿಡಿಯಿತು.

ಆವಿನಹಳ್ಳಿಯ ಮೇಲಿನಿಂದ ಹೊಳೆಬಾಗಿಲಿಗೆ ಬಂದೆವು. ಆರು ದಶಕ ಅಲ್ಲಿ ದಾರಿ ನೀರಿಗೆ ಮುಟ್ಟಿ ನಿಲ್ಲುತ್ತಿತ್ತು. ಆಚೆಗೆ ಹೋಗುವವರು, ಸಿಗಂದೂರಿನ ಯಾತ್ರಿಕರು, ತುಮರಿಯ ಜನ, ಅವರ ವಾಹನಗಳು, ಎಲ್ಲಕ್ಕೂ ಲಾಂಚೇ ಗತಿ. ಬೇಸಗೆಯಲ್ಲಿ ನೀರಿಳಿದರೆ ವಾಹನ ಹತ್ತಿಸುವುದನ್ನು ನಿಲ್ಲಿಸುತ್ತಿದ್ದುದೂ ಉಂಟು. ರಾತ್ರಿ ಕಾಯಿಲೆ ಬಿದ್ದವರ, ಹೆರಿಗೆಯ ಹೆಂಗಸರ ಪಾಡನ್ನು ಆ ದಂಡೆಯವರೇ ಹೇಳಬೇಕು. ೨೦೨೫ರ ಜುಲೈ ೧೪ರಂದು ಸುಮಾರು ೨.೪ ಕಿಲೋಮೀಟರು ಉದ್ದದ ಸೇತುವೆ ಸಂಚಾರಕ್ಕೆ ತೆರೆಯಿತು. ಅದನ್ನು ಕಟ್ಟಿಸಿದ್ದು ಬಲು ದೊಡ್ಡ ಉಪಕಾರ. ಇನ್ನು ಮುಂದೆ ನಾನು ಹೇಳುವುದನ್ನು ಸೇತುವೆಯ ನಿಂದೆಯೆಂದು ಯಾರೂ ತಿಳಿಯಬಾರದು.

ನಮ್ಮ ವಾಹನದೊಳಗಿನ ನಕ್ಷೆಗೆ ಸೇತುವೆಯ ಸುದ್ದಿ ತಲಪಿರಲಿಲ್ಲ. ಲಾಂಚು ಹತ್ತಿರೆಂದು ಅದು ಹೇಳಿತು. ನಾವು ಹತ್ತದೆ ಮುಂದೆ ಹೋದಾಗ ನಮ್ಮ ಬಾಣದ ಗುರುತನ್ನು ನೀಲಿಯ ನಡುವೆ ಇಟ್ಟು ಮೌನ ತಾಳಿತು. ಹೊಸ ಡಾಂಬರಿನ ಮೇಲೆ ಅಚ್ಚಬಿಳಿಯ ಗೆರೆಗಳಿದ್ದುವು. ತೀರ್ಥಹಳ್ಳಿಯ ದಾರಿಯಿಂದ ನಿದ್ರಿಸುತ್ತಿದ್ದ ಯುಕ್ತಿ ಈಗ ಎಚ್ಚರಗೊಂಡಿತು. ಮಗ್ಗುಲಿನ ನೀರನ್ನು ನೋಡಿಸಬೇಕೆಂದು ನಾನು ಅಂಚಿನತ್ತ ಸರಿದರೆ, ಚಕ್ರ ನನ್ನ ಕೈಯನ್ನು ಮೆಲ್ಲಗೆ ನಡುವಿಗೆ ತಳ್ಳುತ್ತಿತ್ತು.

"ಇಲ್ಲಿ ನಿಲ್ಲಿಸು" ಎಂದರು ತಾಯಿಯವರು.

ಸೇತುವೆಯ ಮೇಲೆ ವಾಹನ ನಿಲ್ಲಿಸುವುದು ನಿಯಮಕ್ಕೆ ವಿರುದ್ಧ, ಹಿಂದೆ ಬಸ್ಸು ಬೇರೆ ಬರುತ್ತಿತ್ತು. ಗಂಟೆಗೆ ಮೂವತ್ತು ಕಿಲೋಮೀಟರಿನಂತೆ ನಡೆಸಿದೆನು. ಐದು ನಿಮಿಷದಲ್ಲಿ ಆಚೆಯ ದಂಡೆ ಬಂದಿತು. ಲಾಂಚಿನಲ್ಲಾದರೆ ಸುಮಾರು ಕಾಲುಗಂಟೆ ನೀರಿನ ಮೇಲೆ ಇರುತ್ತಿದ್ದೆವು. ಅದು ಯಾರನ್ನೂ ಕೇಳದೆ, ಎಲ್ಲರಿಗೂ ಸಮನಾಗಿ ಕೊಡುತ್ತಿದ್ದ ಕಾಲುಗಂಟೆ. ಹಿಂದಿನ ಸಲ ಬಂದಿದ್ದಾಗ ತಾಯಿಯವರು ಕಂಬಿ ಹಿಡಿದು ನಿಂತು, ಸೀರೆಯ ಸೆರಗನ್ನು ಗಾಳಿಗೆ ಬಿಟ್ಟು, ಇಡೀ ದಾರಿ ಒಂದೇ ಕಡೆಗೆ ನೋಡಿದ್ದರು. ಈ ಸಲ ಕನ್ನಡಿಯಲ್ಲಿ ಕಂಡದ್ದು, ಬೆಲ್ಟಿನೊಳಗಿಂದ ಹಿಂದಕ್ಕೆ ಹೊರಳಲೆತ್ನಿಸುತ್ತಿದ್ದ ಎರಡು ನರೆತ ತಲೆಗಳು.

ಕಳಸವಳ್ಳಿಯ ದಡದಲ್ಲಿ ರಸ್ತೆಯಿಂದ ಕೆಳಗಿಳಿಸಿ, ನೀರಿನ ಹತ್ತಿರ ನಿಲ್ಲಿಸಿದೆನು. ಮೂರನೆಯ ಸಾಲಿನಿಂದ ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಭಾವನವರು ಮಾವನವರನ್ನೂ ನಾನು ತಾಯಿಯವರನ್ನೂ ಹೆಚ್ಚುಕಡಿಮೆ ಎತ್ತಿಯೇ ಇಳಿಸಬೇಕಾಯಿತು. ದೀಪಾವಳಿ ಕಳೆದ ದಿನಗಳು. ಮಳೆಗಾಲದ ನೀರು ಇನ್ನೂ ತುಂಬಿ ನಿಂತಿತ್ತು. ಬೇಸಗೆಯಲ್ಲಿ ತಲೆಯೆತ್ತುವ ಒಣಗಿದ ಬೊಡ್ಡೆಗಳೂ ಕಾಣುತ್ತಿರಲಿಲ್ಲ. ನೋಡತಕ್ಕದ್ದೆಂದರೆ ನೀರು, ಅದರಾಚೆ ಗುಡ್ಡ.

ತಾಯಿಯವರು ಒಂದು ಗುಡ್ಡದ ಮೂಗನ್ನು ಗುರುತು ಹಿಡಿದು, "ಅದರ ಬುಡಕ್ಕೆ ನಮ್ಮ ಕೊಟ್ಟಿಗೆ" ಎಂದರು. ಮಾವನವರು ಒಪ್ಪಲಿಲ್ಲ. ಕೊಟ್ಟಿಗೆ ಇನ್ನೂ ಬಲಕ್ಕೆ. ಅಲ್ಲಿದ್ದುದು ಪಕ್ಕದ ಮನೆಯವರ ತೋಟ ಎಂದರು. "ನಿನಗೆ ಆಗ ಒಂಬತ್ತು ವರ್ಷ, ನಿನಗೇನು ಗೊತ್ತು?" "ದನ ಹೊಡೆದುಕೊಂಡು ಹೋಗುತ್ತಿದ್ದವನು ನಾನೋ ನೀನೋ?" ಮಗನು ಮೊಬೈಲಿನಲ್ಲಿ ಆಕಾಶದಿಂದ ತೆಗೆದ ಚಿತ್ರವನ್ನು ತೆರೆದು ಇಬ್ಬರ ನಡುವೆ ಹಿಡಿದನು. ಅದರಲ್ಲಿಯೂ ನೀರೇ. ಮಾವನವರು ಕಡ್ಡಿಯೊಂದನ್ನು ಹೆಕ್ಕಿ ದಡದ ಕೆಸರಿನಲ್ಲಿ ಮನೆ, ಬಾವಿ, ಕಣ, ತೋಟದ ದಾರಿ, ಎಲ್ಲವನ್ನೂ ಬರೆದರು. ತಾಯಿಯವರು ಕಾಲಿನಿಂದ ಬಾವಿಯನ್ನು ಅಳಿಸಿ ಇನ್ನೊಂದು ಕಡೆ ಬರೆಯಿಸಿದರು. ಆ ಕೆಸರೆಲ್ಲ ವಾಹನದ ಚಾಪೆಗೆ ಬರುವುದೆಂದು ನನಗೆ ತಿಳಿದಿತ್ತು. ಅದರ ದರವೂ ತಿಳಿದಿತ್ತು.

ಮರುದಿನ ಮಧ್ಯಾಹ್ನದೊಳಗೆ ಬೆಂಗಳೂರಿನಲ್ಲಿ ವಾಹನವನ್ನು ಒಪ್ಪಿಸಬೇಕಾಗಿತ್ತು. ಹೊತ್ತು ಮುಳುಗುವ ಮೊದಲು ಹೊರಟೆವು. ತಾಯಿಯವರನ್ನು ಮುಂದೆ ಕೂರಲು ಕೇಳಿಕೊಂಡೆನು. ಅವರು ಆಗಲೇ ನಡುವಿನ ಆಸನವನ್ನು ಮಡಿಸುವ ಗುಂಡಿ ಯಾವುದೆಂದು ಕಲಿತುಬಿಟ್ಟಿದ್ದರು. ಬಾವಿ ಎಲ್ಲಿತ್ತೆಂಬ ವಾದ ಹಿಂದಿನ ಸಾಲಿನಲ್ಲಿ ಸಾಗರ ಬರುವವರೆಗೂ ಮುಗಿಯಲಿಲ್ಲ.