ತವರಿಗೆ ಬರುವ ಮೀನು

ಮಗಳು ಹೆರಿಗೆಗೆಂದು ತವರಿಗೆ ಬಂದಳೆಂದರೆ ಮನೆಯ ರೀತಿಯೇ ಬೇರೆಯಾಗುವುದು. ಕೆಲವು ವರ್ಷಗಳ ಹಿಂದೆ ನಮ್ಮ ಮಗಳು ಗುಜರಾತಿನ ವೇರಾವಳದಿಂದ ಚೊಚ್ಚಲ ಹೆರಿಗೆಗಾಗಿ ಚನ್ನಗಿರಿಗೆ ಬಂದಿದ್ದಳು. ಅಳಿಯನಿಗೆ ಆ ಕಡಲತೀರದ ಊರಿನಲ್ಲಿ ಉದ್ಯೋಗ. ಒಂದು ಸಂಜೆ ಜಗಲಿಯಲ್ಲಿ ತಾಯಿಯ ಮಗ್ಗುಲಲ್ಲಿ ಕುಳಿತು ಅವಳು, "ಅಮ್ಮ, ನಮ್ಮೂರ ಸಮುದ್ರಕ್ಕೂ ಒಂದು ಮೀನು ಹೀಗೆಯೇ ಬಾಣಂತನಕ್ಕೆ ಬರುವುದಂತೆ" ಎಂದಳು. "ಮೀನಿಗೂ ತವರುಮನೆಯೇ?" ಎಂದು ತಾಯಿ ನಕ್ಕಳು. ನಾವು ಓದುತ್ತಿದ್ದ ಪುಸ್ತಕವನ್ನು ಮುಚ್ಚಿ ಕಿವಿಗೊಟ್ಟೆವು.

ಅದು ತಿಮಿಂಗಿಲ ಶಾರ್ಕ್ ಎಂಬ ಮೀನು. ಅಮರಕೋಶವನ್ನು ಬಾಯಿಪಾಠ ಮಾಡಿದ್ದ ನಮಗೆ ತಿಮಿ, ತಿಮಿಂಗಿಲ ಎಂಬ ಶಬ್ದಗಳು ಬಾಲ್ಯದಿಂದಲೂ ಪರಿಚಿತ. ತಿಮಿಯನ್ನು ನುಂಗುವುದೇ ತಿಮಿಂಗಿಲವೆಂದು ಎಷ್ಟೋ ಮಕ್ಕಳಿಗೆ ವಿಗ್ರಹವಾಕ್ಯ ಹೇಳಿಕೊಟ್ಟಿದ್ದೆವು. ಶಬ್ದವನ್ನು ಬಲ್ಲೆವೇ ಹೊರತು ಪ್ರಾಣಿಯನ್ನು ಅರಿತಿರಲಿಲ್ಲ. ಶಾರ್ಕ್ ಎಂದರೆ ಮನುಷ್ಯರನ್ನು ತಿನ್ನುವ ರಾಕ್ಷಸನೆಂದೇ ನಮ್ಮ ಭಾವನೆಯಾಗಿದ್ದಿತು. ಈ ಮೀನಾದರೋ ಜಗತ್ತಿನ ಮೀನುಗಳಲ್ಲೆಲ್ಲ ದೊಡ್ಡದು. ನಲವತ್ತು ಅಡಿಗೂ ಮೀರಿ ಬೆಳೆಯಬಲ್ಲುದು. ಆದರೂ ಬಾಯ್ದೆರೆದು ನೀರನ್ನು ಸೋಸಿ, ಅದರಲ್ಲಿನ ಸೂಕ್ಷ್ಮಜೀವಿಗಳನ್ನೂ ಚಿಕ್ಕ ಮೀನುಗಳನ್ನೂ ತಿಂದು ಬದುಕುವ ಸಾಧು. ಅದು ಮೊಟ್ಟೆಯಿಡದೆ ಮರಿಯನ್ನೇ ಹಾಕುವುದು. 1995ರಲ್ಲಿ ತೈವಾನಿನ ಬಳಿ ಸಿಕ್ಕ ಒಂದು ಹೆಣ್ಣು ಮೀನಿನ ಗರ್ಭದಲ್ಲಿ ಸುಮಾರು 300 ಮರಿಗಳಿದ್ದುವು.

ಸೌರಾಷ್ಟ್ರದ ಬೆಸ್ತರು ಹಿಂದೆ ಇದನ್ನು ಬೇಟೆಯಾಡುತ್ತಿದ್ದರು. ಇದರ ಪಿತ್ತಜನಕಾಂಗದ ಎಣ್ಣೆಯನ್ನು ಮರದ ದೋಣಿಗಳಿಗೆ ಬಳಿದರೆ ನೀರು ಒಳಸೇರದು. ಮಾಂಸಕ್ಕೂ ಈಜುರೆಕ್ಕೆಗೂ ಪರದೇಶಗಳಲ್ಲಿ ಬೆಲೆಯಿದ್ದಿತು. ಗಾಳಕ್ಕೆ ಪೀಪಾಯಿಗಳನ್ನು ಕಟ್ಟಿ ಹಿಡಿಯುತ್ತಿದ್ದುದರಿಂದ ಮೀನಿಗೂ 'ಬ್ಯಾರೆಲ್' ಎಂದೇ ಹೆಸರಾಗಿದ್ದಿತು. 2001ರಲ್ಲಿ ಭಾರತ ಸರ್ಕಾರವು ವನ್ಯಜೀವಿ ಕಾಯಿದೆಯ ಮೊದಲನೆಯ ಅನುಸೂಚಿಗೆ ಇದನ್ನು ಸೇರಿಸಿ ಬೇಟೆಯನ್ನು ನಿಷೇಧಿಸಿತು. ಆದರೆ ಕಡಲ ನಡುವೆ ಬಲೆಯಲ್ಲಿ ಸಿಕ್ಕ ಮೀನನ್ನು ಕಾಯಿದೆಯ ಪುಸ್ತಕವು ಹೋಗಿ ಬಿಡಿಸೀತೇ?

2004ರಲ್ಲಿ ಭಾರತೀಯ ವನ್ಯಜೀವಿ ಟ್ರಸ್ಟಿನವರು ಅರಣ್ಯ ಇಲಾಖೆಯೇ ಮೊದಲಾದವರೊಡನೆ ಕೂಡಿ ಹೊಸದೊಂದು ಉಪಾಯ ಹೂಡಿದರು. ಗಾಳಿ ತುಂಬಿ ಉಬ್ಬಿಸಿದ, ನಿಜ ಗಾತ್ರದ ಮೀನಿನ ಆಕೃತಿಯೊಂದನ್ನು ಊರೂರಿಗೆ ಕೊಂಡೊಯ್ದರು. ಬೀದಿಯಲ್ಲಿ ನಾಟಕವಾಡಿದರು, ಅದರಲ್ಲಿ ಬೆಸ್ತನೊಬ್ಬನ ಗರ್ಭಿಣಿ ಮಗಳು ತವರಿಗೆ ಬರುವಳು, ಮೀನಿನ ಕಥೆಯೂ ಅದರೊಡನೆ ಹೆಣೆದುಕೊಳ್ಳುವುದು. ರಾಮಕಥೆಯನ್ನು ಹೇಳುವ ಮೊರಾರಿ ಬಾಪು ಅವರೂ, ಈ ಮೀನು ಹೆರಿಗೆಗೆ ಬರುವ ನಿಮ್ಮ ಮಗಳಂತೆ, ಅದನ್ನು ಕೊಲ್ಲಬಹುದೇ ಎಂಬ ಭಾವವನ್ನು ಜನರ ಮನದಲ್ಲಿ ಬಿತ್ತಿದರು. 'ಬ್ಯಾರೆಲ್' ಹೋಗಿ 'ವ್ಹಾಲಿ', ಎಂದರೆ ಮುದ್ದಿನವಳು, ಎಂಬ ಹೆಸರು ಬಂದಿತು. ಬೆಸ್ತರು ಬೆಲೆಬಾಳುವ ತಮ್ಮ ಬಲೆಗಳನ್ನು ತಾವೇ ಕೊಯ್ದು ನೂರಾರು ಮೀನುಗಳನ್ನು ಬಿಟ್ಟಿರುವರು. ಹಾನಿಗೆ ಸರ್ಕಾರವು ಪರಿಹಾರ ಕೊಡುವುದು ನಿಜ; ಆದರೂ ಕತ್ತಿಯೆತ್ತುವ ಮನಸ್ಸು ಮೊದಲು ಬರಬೇಕಷ್ಟೆ.

ಉಪದೇಶವು ಮೂರು ವಿಧವೆಂದು ನಮ್ಮ ಅಲಂಕಾರಿಕರು ಹೇಳುವರು: ಒಡೆಯನ ಆಜ್ಞೆಯಂತಹುದು ಪ್ರಭುಸಮ್ಮಿತ, ಗೆಳೆಯನ ಬುದ್ಧಿವಾದದಂತಹುದು ಸುಹೃತ್ಸಮ್ಮಿತ, ನಲ್ಲೆಯ ಮಾತಿನಂತೆ ಮನಸ್ಸನ್ನು ಒಲಿಸುವುದು ಕಾಂತಾಸಮ್ಮಿತ. ಕಾವ್ಯನಾಟಕಗಳದು ಮೂರನೆಯ ಬಗೆ. ಈ ಪಾಠವನ್ನು ನಾವು ಮೂವತ್ತು ವರ್ಷ ಹೇಳಿದೆವು. ಅದರ ಅರ್ಥವು ಆ ಸಂಜೆ ಮಗಳ ಬಾಯಿಂದ ತಿಳಿಯಿತು.

ತಿಳಿದೊಡನೆ ನಮ್ಮ ಹಳೆಯ ತಪ್ಪೊಂದು ನೆನಪಾಗಿ ಮುಖ ಕೆಳಗಾಯಿತು. ಹೊನ್ನಾಳಿ, ನ್ಯಾಮತಿಗಳಲ್ಲಿ ಪಾಠ ಹೇಳಿ, ಜಗಳೂರು ಸೀಮೆಯ ಶಾಲೆಯೊಂದಕ್ಕೆ ವರ್ಗವಾಗಿ ಹೋಗಿದ್ದ ಕಾಲವದು. ಕುರಿ ಕಾಯುವವರ ಮನೆಯ ಹುಡುಗನೊಬ್ಬನು ತನ್ನ ಪುಸ್ತಕದಲ್ಲಿ ಜಿಂಕೆಯಂತಹ ಪ್ರಾಣಿಯನ್ನು ಬರೆದು, ಅದರ ತಲೆಗೆ ನಾಲ್ಕು ಕೊಂಬುಗಳನ್ನು ಇಟ್ಟಿದ್ದನು. ನಾವು ಕೆಂಪು ಶಾಯಿಯಿಂದ ಎರಡು ಕೊಂಬುಗಳನ್ನು ಹೊಡೆದುಹಾಕಿ, "ಬ್ರಹ್ಮನಿಗೆ ನಾಲ್ಕು ಮುಖ ಸರಿ, ಇದಕ್ಕೆ ನಾಲ್ಕು ಕೊಂಬು ಕೊಟ್ಟವರು ಯಾರಪ್ಪ?" ಎಂದೆವು. ತರಗತಿಯೆಲ್ಲ ನಕ್ಕಿತು. ಹುಡುಗನು, "ಗುಡ್ಡದಲ್ಲಿ ಐತಿ ಸಾರ್" ಎಂದು ಮೆಲ್ಲನೆ ಹೇಳಿ ಕುಳಿತನು. ಮುಂದೆ ಅವನು ಚಿತ್ರ ಬರೆದುದನ್ನು ನಾವು ಕಾಣಲಿಲ್ಲ.

2011ರಲ್ಲಿ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಾಡನ್ನು ಕೊಂಡುಕುರಿಗಳ ವನ್ಯಧಾಮವೆಂದು ಸರ್ಕಾರವು ಸಾರಿತು. ವಿಸ್ತಾರ ಸುಮಾರು 77 ಚದರ ಕಿಲೋಮೀಟರು. ಕೊಂಡುಕುರಿಯ ಗಂಡಿಗೆ ಕೊಂಬುಗಳು ನಾಲ್ಕು: ಹಿಂದಿನ ಜೋಡಿ ಉದ್ದ, ಮುಂದಿನದು ಗಿಡ್ಡ. ಭಾರತ, ನೇಪಾಳಗಳಲ್ಲಲ್ಲದೆ ಅದು ಬೇರೆಲ್ಲಿಯೂ ಕಾಡುಪ್ರಾಣಿಯಾಗಿ ಇಲ್ಲ. ಹುಡುಗನು ಕಂಡುದನ್ನೇ ಬರೆದಿದ್ದನು, ಕಾಣದವರು ನಾವು. ಅವನ ಮುಖ ನೆನಪಿದೆ, ಹೆಸರು ನೆನಪಿಲ್ಲ. ಗುಜರಾತಿನವರು ಊರೂರಿಗೆ ಹೊತ್ತು ತಿರುಗಿದಂತಹ ಚಿತ್ರವೊಂದು ನಮ್ಮ ಮೇಜಿನ ಮೇಲೆ ತಾನಾಗಿ ಬಂದಿದ್ದಿತು. ನಾವು ಅದನ್ನು ಅಳಿಸಿದೆವು.

ಈಗ ಮೊಮ್ಮಗಳು ರಜೆಗೆ ಬಂದಾಗಲೆಲ್ಲ "ತಾತ, ಚಿತ್ರ ಬರೆ" ಎಂದು ಸ್ಲೇಟು ತರುವಳು. ಅವಳು ತನ್ನೂರ ವ್ಹಾಲಿಯನ್ನು ಬರೆಯುವಳು, ನಾವು ನಮ್ಮ ಸೀಮೆಯ ಕೊಂಡುಕುರಿಯನ್ನು ಬರೆಯುವೆವು. ಕೊಂಬುಗಳನ್ನು ಅವಳಿಂದಲೇ ಎಣಿಸುವೆವು. ವಾಚಕ ಮಹಾಶಯರಲ್ಲಿ ನಮ್ಮ ಬಿನ್ನಹವಿಷ್ಟೆ: ನಿಮ್ಮ ಮನೆಯ ಮಗುವು ನೀವು ಕಾಣದ ಪ್ರಾಣಿಯೊಂದನ್ನು ಬರೆದು ತಂದರೆ, ಕೆಂಪು ಶಾಯಿಯನ್ನು ಪಕ್ಕಕ್ಕಿಟ್ಟು, "ಎಲ್ಲಿ ಕಂಡೆ ಮಗು?" ಎಂದು ಮೊದಲು ಕೇಳಿರಿ.